ಮನೆಯೊಳಗಿನ ರೋಗಿ, ಆಸ್ಪತ್ರೆಯೊಳಗಿನ ಕಾನೂನು



ನಾನು ವೈದ್ಯನಲ್ಲ. ಸಾಗರದ ಕೋರ್ಟಿನಲ್ಲಿ ವಕೀಲಿ ಮಾಡುವವನು. ಮಾನಸಿಕ ಆರೋಗ್ಯದ ಕೆಲಸದಲ್ಲಿರುವ ವೈದ್ಯರು, ಆಪ್ತಸಮಾಲೋಚಕರು, ಆಶಾ ಕಾರ್ಯಕರ್ತೆಯರು ತಿಳಿದಿರಬೇಕಾದ ಕಾನೂನುಗಳ ಬಗ್ಗೆ ಮಾತಾಡಿ ಎಂದು ಕರೆದಿದ್ದೀರಿ. ಕಾಯ್ದೆಗಳ ಪಟ್ಟಿಯನ್ನು ಓದಿ ಕುಳಿತುಕೊಳ್ಳುವುದು ನನಗೆ ಸುಲಭ, ಆದರೆ ನಿಮಗೆ ಅದರಿಂದ ಉಪಯೋಗವಿಲ್ಲ. ಹಾಗಾಗಿ ಸಾಗರ, ಹೊಸನಗರ, ತೀರ್ಥಹಳ್ಳಿ ಎಂಬ ನಮ್ಮ ಮೂರು ತಾಲ್ಲೂಕುಗಳಲ್ಲಿ ದಿನನಿತ್ಯ ಎದುರಾಗುವ ಸಂದರ್ಭಗಳನ್ನೇ ಹಿಡಿದು, ಅಲ್ಲಿ ಕಾನೂನು ಎಷ್ಟು ದೂರ ಬರುತ್ತದೆ, ಎಲ್ಲಿ ನಿಂತುಬಿಡುತ್ತದೆ ಎಂದು ಹೇಳುತ್ತೇನೆ.

2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯಲ್ಲಿ 126 ಕಲಮುಗಳಿವೆ. 1912ರ ಲೂನಸಿ ಆಕ್ಟ್ ಹುಚ್ಚನನ್ನು ಊರಿನಿಂದ ದೂರ ಇಡುವ ಕಾನೂನಾಗಿತ್ತು. 1987ರ ಕಾಯ್ದೆ ಮಾತು ಮೃದು ಮಾಡಿತು, ಬೀಗ ಬದಲಿಸಲಿಲ್ಲ. 2001ರ ಆಗಸ್ಟ್‌ನಲ್ಲಿ ತಮಿಳುನಾಡಿನ ಏರ್ವಾಡಿಯಲ್ಲಿ ಗುಡಿಸಲಿಗೆ ಬೆಂಕಿ ಬಿದ್ದಾಗ ಸರಪಳಿಯಲ್ಲಿ ಕಟ್ಟಿಹಾಕಿದ್ದ 28 ಜನ ಓಡಲಾಗದೆ ಸುಟ್ಟುಹೋದರು. ಆ ಹೊಗೆಯ ವಾಸನೆ 2017ರ ಕಾಯ್ದೆಯ ಎಷ್ಟೋ ಕಲಮುಗಳಲ್ಲಿ ಇನ್ನೂ ಇದೆ. ರೋಗಿಗೆ ಇಂತಿಂಥ ಹಕ್ಕುಗಳಿವೆ ಎಂದು ವಿವರವಾಗಿ ಹೇಳಿದ ಕಾನೂನು ಇದು. ನನ್ನ ತಕರಾರು ಒಂದೇ. ಕಾಯ್ದೆಯ ಬಹುಭಾಗ ರೋಗಿ ಆಸ್ಪತ್ರೆಯ ಹೊಸ್ತಿಲು ದಾಟಿದ ಮೇಲೆ ಶುರುವಾಗುತ್ತದೆ. ಯಾರು ದಾಖಲಿಸಬಹುದು, ಎಷ್ಟು ದಿನ ಇಟ್ಟುಕೊಳ್ಳಬಹುದು, ಯಾವ ಮಂಡಳಿಗೆ ಯಾವಾಗ ವರದಿ ಕೊಡಬೇಕು ಎಂಬುದಕ್ಕೆಲ್ಲ ವಿವರವಾದ ನಿಯಮಗಳಿವೆ. ಆದರೆ ‘ಮಾನಸಿಕ ಆರೋಗ್ಯ ಸಂಸ್ಥೆ’ಯ ವ್ಯಾಖ್ಯೆಯಲ್ಲಿ, ರೋಗಿ ಬಂಧುಗಳ ಅಥವಾ ಸ್ನೇಹಿತರ ಜೊತೆ ವಾಸವಾಗಿರುವ ಮನೆಯನ್ನು ಹೊರಗಿಟ್ಟಿದ್ದಾರೆ. ಇಟ್ಟದ್ದು ಸರಿಯೇ, ಮನೆಮನೆಗೂ ಲೈಸೆನ್ಸ್ ಕೇಳಲು ಬರುವುದಿಲ್ಲ. ಆದರೆ ಮಲೆನಾಡಿನ ರೋಗಿ ಇರುವುದು ಮನೆಯಲ್ಲೇ. ಪಕ್ಕದ ಮನೆಯೂ ಕೂಗಳತೆಯಲ್ಲಿ ಇರದ ಒಂಟಿ ಮನೆಗಳಲ್ಲಿ, ತೋಟದ ತಲೆಯಲ್ಲಿ, ಗದ್ದೆಯಾಚೆ.

ಹೊಸನಗರದ ಕಡೆಯ ಒಂದು ಮನೆಯ ವಿಷಯ ಹೇಳುತ್ತೇನೆ. ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ, ಏಕೆಂದರೆ ಗೌಪ್ಯತೆ ಕಾಪಾಡಬೇಕೆನ್ನುವ ಕಲಂ 23ನ್ನು ನಿಮಗೆ ಹೇಳುವವನು ತಾನೇ ಮುರಿದರೆ ಚೆನ್ನಾಗಿರುವುದಿಲ್ಲ. ಕೊಟ್ಟಿಗೆಗೆ ಅಂಟಿಕೊಂಡ ಒಂದು ಕೋಣೆ. ಒಂದು ಕಾಲದಲ್ಲಿ ಸುಲಿದ ಅಡಿಕೆ ಇಡುತ್ತಿದ್ದರಂತೆ. ಬಾಗಿಲ ಕೆಳಗಿನ ಹಲಗೆಯನ್ನು ಕತ್ತರಿಸಿ ತಟ್ಟೆ ಹೋಗುವಷ್ಟು ಜಾಗ ಮಾಡಿದ್ದರು. ಒಳಗಿದ್ದವನಿಗೆ ನಲವತ್ತರ ಆಸುಪಾಸು. ಕಾಲಿಗೆ ಹಾಕಿದ್ದು ದನ ಕಟ್ಟುವ ಸರಪಳಿ, ಉಜ್ಜಿ ಗಾಯವಾಗದಿರಲೆಂದು ಅದಕ್ಕೆ ಹಳೆಯ ಸೀರೆಯ ಬಟ್ಟೆ ಸುತ್ತಿತ್ತು. ಸುತ್ತಿದ್ದು ತಾಯಿ. ಅಣ್ಣ ಅಂಗಳದಲ್ಲಿ ನಿಂತು ಹೇಳಿದ: “ನಾವೇನು ಖುಷಿಗೆ ಕಟ್ಟಿದ್ದೀವಾ ಸಾರ್? ರಾತ್ರಿ ಎದ್ದು ಹಿನ್ನೀರಿನ ಕಡೆಗೆ ನಡೀತಾನೆ. ಕೊನೆಕೊಯ್ಲಿನ ಹೊತ್ತಲ್ಲಿ ಕಾಯೋರು ಯಾರು?” ಮಾತ್ರೆ ಕೊಡಿಸಿಲ್ಲವೇ ಎಂದರೆ, ಕೊಡಿಸಿದ್ದೆವು, ಎರಡು ತಿಂಗಳು ಸರಿ ಇದ್ದ, ಆಮೇಲೆ ಶಿವಮೊಗ್ಗಕ್ಕೆ ಹೋಗಿಬರುವುದು ಆಗಲಿಲ್ಲ ಎಂದ.

ಈ ಕೋಣೆಗೆ ಯಾವ ಕಾನೂನು ಬರುತ್ತದೆ? ಕಲಂ 95 ಯಾವುದೇ ರೂಪದಲ್ಲಿ ಸರಪಳಿ ಹಾಕುವುದನ್ನು ನಿಷೇಧಿಸುತ್ತದೆ, ಆದರೆ ಅದು ಇರುವುದು ಮಾಡಬಾರದ ಚಿಕಿತ್ಸೆಗಳ ಸಾಲಿನಲ್ಲಿ. ಮನೆಯವರ ಮೇಲೆ ನೇರವಾಗಿ ಬೀಳುವುದು ಭಾರತೀಯ ನ್ಯಾಯ ಸಂಹಿತೆಯ ಅಕ್ರಮ ಬಂಧನದ ಕಲಂ. ಸೀರೆಯ ಬಟ್ಟೆ ಸುತ್ತಿದ ಆ ತಾಯಿಯನ್ನು ಆರೋಪಿ ಮಾಡಿದರೆ ಮಗನಿಗೆ ಏನು ಸಿಕ್ಕಿತು? ಇಂಥ ಕಡೆಗೆಂದೇ ಇರುವುದು ಕಲಂ 101. ನೋಡಿಕೊಳ್ಳಬೇಕಾದವರೇ ರೋಗಿಯನ್ನು ಹಿಂಸಿಸುತ್ತಿದ್ದಾರೆ ಅಥವಾ ಕೈಬಿಟ್ಟಿದ್ದಾರೆ ಎಂದು ಅನ್ನಿಸಿದ ಯಾರೇ ಆಗಲಿ ಠಾಣಾಧಿಕಾರಿಗೆ ತಿಳಿಸತಕ್ಕದ್ದು. ಪೊಲೀಸರು ಹೋಗಿ ನೋಡಿ ಮ್ಯಾಜಿಸ್ಟ್ರೇಟರಿಗೆ ವರದಿ ಕೊಡುತ್ತಾರೆ. ಮ್ಯಾಜಿಸ್ಟ್ರೇಟರು ರೋಗಿಯನ್ನು ಕರೆಸಬಹುದು, ತಪಾಸಣೆಗೆಂದು ಹತ್ತು ದಿನ ಮೀರದಂತೆ ಆಸ್ಪತ್ರೆಯಲ್ಲಿ ಇರಿಸಲು ಆದೇಶಿಸಬಹುದು. ಇದು ಎಫ್‌ಐಆರ್ ಅಲ್ಲ. ಈ ವ್ಯತ್ಯಾಸವನ್ನು ಎಷ್ಟೋ ಠಾಣೆಗಳಿಗೇ ನಾವು ವಿವರಿಸಬೇಕಾಗುತ್ತದೆ, ಇರಲಿ. ನಿಮಗೆ ನನ್ನ ಸಲಹೆ ಇಷ್ಟು: ಠಾಣೆಗೆ ಹೇಳುವ ದಿನವೇ ಔಷಧದ ವ್ಯವಸ್ಥೆಯೂ ಕೈಯಲ್ಲಿರಲಿ. ಸರಪಳಿ ಬಿಚ್ಚಿಸಿ ಮಾತ್ರೆ ಕೊಡದೆ ಬಂದರೆ ವಾರದಲ್ಲಿ ಅದು ಮತ್ತೆ ಕಾಲಿಗೆ ಬರುತ್ತದೆ.

ಮಾತ್ರೆ ಕೊಟ್ಟರೆ ಏನಾಗುತ್ತದೆ ಎಂಬುದಕ್ಕೆ ದೂರ ಹೋಗಬೇಕಿಲ್ಲ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯ ಡಾ. ಜಗದೀಶ ತೀರ್ಥಹಳ್ಳಿ, ಡಾ. ಬಿ.ಎನ್. ಗಂಗಾಧರ ಮತ್ತು ಅವರ ಜೊತೆಗಾರರು ತೀರ್ಥಹಳ್ಳಿ ತಾಲ್ಲೂಕಿನಲ್ಲಿ ಸ್ಕಿಜೋಫ್ರೀನಿಯಾ ಇರುವವರನ್ನು ಹಳ್ಳಿ ಹಳ್ಳಿಯಲ್ಲಿ ಗುರುತಿಸಿ, ಊರಲ್ಲೇ ಇದ್ದು ಚಿಕಿತ್ಸೆ ಪಡೆಯುವಂತೆ ಮಾಡಿ, ವರ್ಷಗಟ್ಟಲೆ ಹಿಂಬಾಲಿಸಿದರು. 2009ರಲ್ಲಿ ಅವರು ಪ್ರಕಟಿಸಿದ ಅಧ್ಯಯನ ಚಿಕಿತ್ಸೆ ಪಡೆದವರನ್ನೂ ಪಡೆಯದವರನ್ನೂ ಹೋಲಿಸಿ ನೋಡಿತ್ತು. ಔಷಧ ತೆಗೆದುಕೊಂಡವರು ತಮ್ಮನ್ನು ತಾವು ನೋಡಿಕೊಳ್ಳುವುದರಲ್ಲಿ, ದುಡಿಮೆಯಲ್ಲಿ, ನಾಲ್ಕು ಜನರ ಜೊತೆ ಮಾತಾಡುವುದರಲ್ಲಿ ಚೇತರಿಸಿಕೊಂಡರು, ತೆಗೆದುಕೊಳ್ಳದವರು ಅಷ್ಟು ಚೇತರಿಸಿಕೊಳ್ಳಲಿಲ್ಲ. ಇದೇ ಮಾದರಿಯನ್ನು ನಂತರ ತುಮಕೂರು ಜಿಲ್ಲೆಯ ತುರುವೇಕೆರೆಗೂ ಒಯ್ದರು. ಜಗತ್ತಿನ ಮನೋವೈದ್ಯಕೀಯ ಪತ್ರಿಕೆಗಳಲ್ಲಿ ನಮ್ಮ ತೀರ್ಥಹಳ್ಳಿಯ ಹೆಸರು ಬಂದಿರುವುದು ಸಾಹಿತ್ಯಕ್ಕಲ್ಲ, ಇದಕ್ಕೆ. ಊರಿನಲ್ಲಿ ಎಷ್ಟು ಜನಕ್ಕೆ ಗೊತ್ತೋ!

ಅದು ಸಂಶೋಧನೆ, ಹೊರಗಿನಿಂದ ಹಣ ಬಂತು, ಸಮಾಜ ಕಾರ್ಯಕರ್ತರು ಮನೆಮನೆಗೆ ಹೋದರು. ಸರ್ಕಾರ ಅದನ್ನು ಎಲ್ಲ ಕಡೆ ಮಾಡಬೇಕೆಂದು ಯಾವ ಕಾನೂನು ಹೇಳುತ್ತದೆ? ಹೇಳುತ್ತದೆ. ಕಲಂ 18. ನೀವು ಬಾಯಿಪಾಠ ಮಾಡಬೇಕಾದ ಕಲಂ ಯಾವುದಾದರೂ ಇದ್ದರೆ ಅದು ಇದೇ. ಮನೋರೋಗಿ ಚಿಕಿತ್ಸೆಗಾಗಿ ದೂರ ಪ್ರಯಾಣ ಮಾಡುವಂತಾಗಬಾರದು, ಸೇವೆ ಅವನ ವಾಸಸ್ಥಳದ ಹತ್ತಿರವೇ ಇರಬೇಕು ಎಂದು ಅದು ಸರ್ಕಾರದ ಮೇಲೆ ಹೊಣೆ ಹೊರಿಸಿದೆ. ಅಗತ್ಯ ಔಷಧಗಳ ಪಟ್ಟಿಯಲ್ಲಿರುವ ಮಾತ್ರೆಗಳನ್ನು ಸಮುದಾಯ ಆರೋಗ್ಯ ಕೇಂದ್ರದಿಂದ ಮೇಲಿನ ಎಲ್ಲ ಸರ್ಕಾರಿ ಆಸ್ಪತ್ರೆಗಳಲ್ಲಿ ಪುಕ್ಕಟೆ ಕೊಡಬೇಕು ಎಂದೂ ಹೇಳುತ್ತದೆ. ಈ ಮಾತ್ರೆಗಳಿಗೆ ಬಿಪಿಎಲ್ ಕಾರ್ಡು ಬೇಕೆಂದಿಲ್ಲ. ಕರ್ನಾಟಕಕ್ಕೆ ಇದು ಹೊಸದೂ ಅಲ್ಲ. 1980ರ ದಶಕದಲ್ಲಿ ನಿಮ್ಹಾನ್ಸ್ ಬಳ್ಳಾರಿ ಜಿಲ್ಲೆಯಲ್ಲಿ ಮಾಡಿ ತೋರಿಸಿದ್ದೇ 1996ರ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ದೇಶಾದ್ಯಂತ ಮಾದರಿಯಾಯಿತು. ರಾಜ್ಯ ಸರ್ಕಾರ 2014ರಲ್ಲಿ ‘ಮನೋಚೈತನ್ಯ’ ಎಂಬ ಹೆಸರಿನಲ್ಲಿ ಮಂಗಳವಾರಗಳಂದು ಮನೋವೈದ್ಯರು ತಾಲ್ಲೂಕು ಆಸ್ಪತ್ರೆಗೆ ಬರುವ ವ್ಯವಸ್ಥೆ ಮಾಡಿತು. ಅಧಿಕಾರಿಗಳ ಬಾಯಲ್ಲಿ ಅದು ‘ಸೂಪರ್ ಟ್ಯೂಸ್‌ಡೇ’. ಅಮೆರಿಕದ ಚುನಾವಣೆಯಿಂದ ಎತ್ತಿದ ಹೆಸರು ನಮ್ಮ ತಾಲ್ಲೂಕು ಆಸ್ಪತ್ರೆಯ ಗೋಡೆಗೆ ಹೇಗೆ ಬಂತೋ ಕಾಣೆ, ಕೆಲಸವಂತೂ ಒಳ್ಳೆಯದು. 2022ರ ಅಕ್ಟೋಬರ್ 10ರಿಂದ 14416 ಸಂಖ್ಯೆಯ ಟೆಲಿ ಮಾನಸ್ ಕೂಡ ಇದೆ, ಕನ್ನಡದಲ್ಲಿ ಮಾತಾಡಬಹುದು. ಸಿಗ್ನಲ್ ಸಿಗುವ ಗುಡ್ಡ ಹತ್ತಿದರೆ.

ದೂರದ ಮಾತು ಬಂದದ್ದರಿಂದ ಒಂದು ಸಣ್ಣ ಜಗಳ. ತುರ್ತು ಚಿಕಿತ್ಸೆಗೆ ಕಲಂ 94 ಎಪ್ಪತ್ತೆರಡು ಗಂಟೆಗಳ ಗಡುವು ಕೊಡುತ್ತದೆ. ರೋಗಿ ತನಗೋ ಇತರರಿಗೋ ಅಪಾಯ ಮಾಡಿಕೊಳ್ಳುವ ಸ್ಥಿತಿಯಲ್ಲಿದ್ದರೆ ಮನೋವೈದ್ಯರೇ ಬೇಕೆಂದಿಲ್ಲ, ಯಾವುದೇ ನೋಂದಾಯಿತ ವೈದ್ಯರು, ಚಿಕಿತ್ಸೆಯ ವಿಷಯದಲ್ಲಿ ರೋಗಿಯ ಪರವಾಗಿರುವ ನಾಮನಿರ್ದೇಶಿತ ಪ್ರತಿನಿಧಿ ಸಿಕ್ಕರೆ ಅವರ ಒಪ್ಪಿಗೆ ಪಡೆದು, ಅಲ್ಲೇ ಚಿಕಿತ್ಸೆ ಶುರು ಮಾಡಬಹುದು. ನಿಟ್ಟೂರಿನ ಅಥವಾ ಕೋಣಂದೂರಿನ ವೈದ್ಯಾಧಿಕಾರಿ ‘ನಮಗೆ ಅಧಿಕಾರ ಇಲ್ಲ, ಶಿವಮೊಗ್ಗಕ್ಕೆ ಒಯ್ಯಿರಿ’ ಎನ್ನಬೇಕಾಗಿಲ್ಲ. ಈ ಎಪ್ಪತ್ತೆರಡನ್ನು ಕಲಂ 114 ನೂರಿಪ್ಪತ್ತು ಗಂಟೆಗೆ ಏರಿಸುತ್ತದೆ, ಆದರೆ ಈಶಾನ್ಯ ರಾಜ್ಯಗಳಿಗೆ ಮತ್ತು ಉತ್ತರಾಖಂಡ, ಹಿಮಾಚಲ, ಜಮ್ಮು ಕಾಶ್ಮೀರಗಳಿಗೆ ಮಾತ್ರ. ಕಾರಣ, ಸಂಚಾರದ ಕಷ್ಟ. ದೆಹಲಿಯಲ್ಲಿ ಕೂತವರಿಗೆ ಹಿಮಾಲಯ ಕಾಣುತ್ತದೆ, ಸಹ್ಯಾದ್ರಿ ಕಾಣುವುದಿಲ್ಲ. ಶರಾವತಿ ಹಿನ್ನೀರಿನ ಮೇಲೆ ಸಿಗಂದೂರು ಸೇತುವೆ ತೆರೆದದ್ದು 2025ರ ಜುಲೈಯಲ್ಲಿ. ಅದಕ್ಕೆ ಮೊದಲು ಸಂಜೆಯ ಲಾಂಚ್ ತಪ್ಪಿತೆಂದರೆ ತುಮರಿ ಕಡೆಯ ರೋಗಿಗೆ ಸಾಗರವೂ ಸುತ್ತುದಾರಿಯೇ.

ಈಗ ನಮ್ಮ ತಾಲ್ಲೂಕು ಆಸ್ಪತ್ರೆಗಳ ಅತಿ ಕಷ್ಟದ ರಾತ್ರಿಗಳ ಬಗ್ಗೆ. ಅಡಿಕೆಗೆ ಎಲೆಚುಕ್ಕೆ ಬಿದ್ದ ವರ್ಷ, ಕೊಳೆ ಬಿದ್ದ ವರ್ಷ, ಸೊಸೈಟಿಯ ನೋಟಿಸ್ ಬಂದ ವಾರ. ಜೀಪಿನಲ್ಲಿ ಕರೆತಂದವರು ಹೇಳುವ ಮಾತು ಒಂದೇ: “ಕತ್ತಲಲ್ಲಿ ಕಾಫಿ ಅಂತ ತಿಳಿದು ಕುಡಿದುಬಿಟ್ಟ.” ಬಾಟಲಿಯನ್ನು ತೋಟದಲ್ಲೇ ಹೂತು ಬಂದಿರುತ್ತಾರೆ. ಯಾಕೆ? ಕೇಸಾಗುತ್ತದೆ ಎಂಬ ಭಯಕ್ಕೆ. ಕುಡಿದದ್ದು ಕೀಟನಾಶಕವೋ ಕಳೆನಾಶಕವೋ ಎಂಬುದರ ಮೇಲೆ ಚಿಕಿತ್ಸೆ ನಿಂತಿದೆ. ಎಷ್ಟೋ ಕೀಟನಾಶಕಗಳಿಗೆ ಅಟ್ರೋಪಿನ್ ಇದೆ, ಪ್ಯಾರಾಕ್ವಾಟ್‌ನಂಥ ಕಳೆನಾಶಕಕ್ಕೆ ಪ್ರತ್ಯೌಷಧವೇ ಇಲ್ಲ. ಆ ಮೊದಲ ಗಂಟೆಯಲ್ಲಿ ಸುಳ್ಳು ಹೇಳಿಸುವುದು ಸತ್ತುಹೋದ ಒಂದು ಕಾನೂನು. ಭಾರತೀಯ ದಂಡ ಸಂಹಿತೆಯ 309ನೇ ಕಲಮಿನ ಪ್ರಕಾರ ಆತ್ಮಹತ್ಯೆಗೆ ಯತ್ನಿಸುವುದು ಅಪರಾಧವಾಗಿತ್ತು. 2017ರ ಕಾಯ್ದೆಯ ಕಲಂ 115 ಅದರ ಹಲ್ಲು ಕಿತ್ತಿತು: ಯತ್ನಿಸಿದವರು ತೀವ್ರ ಒತ್ತಡದಲ್ಲಿದ್ದರೆಂದೇ ಭಾವಿಸಬೇಕು, ವಿಚಾರಣೆಯಿಲ್ಲ, ಶಿಕ್ಷೆಯಿಲ್ಲ, ಆರೈಕೆ ಕೊಡುವುದು ಸರ್ಕಾರದ ಕರ್ತವ್ಯ. 2024ರ ಜುಲೈ 1ರಿಂದ ಜಾರಿಯಾದ ನ್ಯಾಯ ಸಂಹಿತೆಯಲ್ಲಿ 309 ಇಲ್ಲವೇ ಇಲ್ಲ. ಉಳಿದಿರುವ ಕಲಂ 226, ಸರ್ಕಾರಿ ನೌಕರನ ಕೈಕಟ್ಟಲು ಆತ್ಮಹತ್ಯೆಗೆ ಯತ್ನಿಸುವವರಿಗೆ. ಆಸ್ಪತ್ರೆಯಿಂದ ಠಾಣೆಗೆ ಎಂಎಲ್‌ಸಿ, ಅಂದರೆ ಮೆಡಿಕೋ ಲೀಗಲ್ ಕೇಸಿನ ತಿಳುವಳಿಕೆ ಈಗಲೂ ಹೋಗುತ್ತದೆ, ಹೋಗಲಿ. ಯಾರಾದರೂ ವಿಷ ಹಾಕಿದರೇ, ಕಿರುಕುಳ ಇತ್ತೇ ಎಂದು ನೋಡುವುದಕ್ಕೆ ಅದು ಬೇಕು. ಆದರೆ ರೋಗಿಯ ಮೇಲೆ ಕೇಸಿಲ್ಲ ಎಂಬ ಒಂದು ವಾಕ್ಯವನ್ನು ಕ್ಯಾಶುವಾಲಿಟಿಯ ಬಾಗಿಲಲ್ಲೇ, ಕೇಸ್ ಶೀಟ್ ತೆರೆಯುವ ಮೊದಲೇ, ಯಾರಾದರೂ ಗಟ್ಟಿಯಾಗಿ ಹೇಳಬೇಕು. ಆ ಒಂದು ವಾಕ್ಯ ಕೇಳಿಸಿಕೊಂಡ ಭಾವಮೈದುನನೊಬ್ಬ ಬೈಕ್ ತಿರುಗಿಸಿಕೊಂಡು ಹೋಗಿ ತೋಟದಿಂದ ಬಾಟಲಿ ಅಗೆದು ತಂದದ್ದನ್ನು ನಾನು ಕಂಡಿದ್ದೇನೆ.

ರೈತ ಆತ್ಮಹತ್ಯೆ ಮಾಡಿಕೊಂಡರೆ, ಸಾಲ ಮುಂತಾದ ಕಾರಣ ಉಪವಿಭಾಗಾಧಿಕಾರಿಗಳ ಸಮಿತಿಯಲ್ಲಿ ಸಾಬೀತಾದರೆ, ರಾಜ್ಯ ಸರ್ಕಾರ ಕುಟುಂಬಕ್ಕೆ 5 ಲಕ್ಷ ರೂಪಾಯಿ ಪರಿಹಾರ ಕೊಡುತ್ತದೆ. ಕೊಡಲೇಬೇಕು. ಆದರೆ ಬದುಕಿ ಉಳಿದವನಿಗೆ ಕಲಂ 115ರ ಪ್ರಕಾರ ಕೊಡಬೇಕಾದ ಪುನರ್ವಸತಿಗೆ ಯಾವ ಸಮಿತಿ ಕೂರುತ್ತದೆ? ಡಿಸ್ಚಾರ್ಜ್ ಆದವನ ಕೈಯಲ್ಲಿ ಮುಂದಿನ ಮಂಗಳವಾರದ ಚೀಟಿಯಾದರೂ ಇರಲಿ. ಇನ್ನೊಂದು: ನಮ್ಮ ಕಡೆ ಬೆಳೆ ರಕ್ಷಣೆಗೆಂದು ಪಡೆದ ಕೋವಿ ಎಷ್ಟೋ ಮನೆಗಳಲ್ಲಿ ಇದೆ. ಚುನಾವಣೆ ಬಂದಾಗ ಅದನ್ನು ಠಾಣೆಯಲ್ಲಿಟ್ಟು ಬರುತ್ತೇವೆ. ಮನೆಯ ಯಜಮಾನ ಊಟ ನಿದ್ದೆ ಬಿಟ್ಟು ಕೂತಾಗಲೂ ಇಟ್ಟು ಬರಬಹುದು. ‘ಕೋವಿ ಎಲ್ಲಿದೆ?’ ಎಂದು ಕೇಳುವುದು ಆಪ್ತಸಮಾಲೋಚಕರ ಪ್ರಶ್ನೆಗಳಲ್ಲಿ ಸೇರಲಿ.

ವಕೀಲನಾಗಿ ನಾನು ಹೆಚ್ಚು ಕಾಣುವುದು ಬೇರೊಂದು ಬಗೆಯ ಹಿಂಸೆ, ಕಾಗದದ್ದು. “ತಮ್ಮನಿಗೆ ತಲೆ ಸರಿ ಇಲ್ಲ ಅಂತ ಡಾಕ್ಟರ ಹತ್ತಿರ ಒಂದು ಸರ್ಟಿಫಿಕೇಟ್ ಮಾಡಿಸ್ತೀನಿ, ಪಾಲಿನಲ್ಲಿ ತೋಟ ನನ್ನ ಹೆಸರಿಗೆ ಬರೋ ಹಾಗೆ ಮಾಡಿ” ಎಂದು ಬರುವವರು ಇದ್ದಾರೆ. ಡಾಕ್ಟರೇ, ಆ ಸರ್ಟಿಫಿಕೇಟ್ ಬರೆಯುವ ಮುನ್ನ ಕಲಂ 3 ಓದಿ. ಒಬ್ಬರನ್ನು ಮನೋರೋಗಿ ಎಂದು ವರ್ಗೀಕರಿಸುವುದು ಚಿಕಿತ್ಸೆಗೆ ನೇರವಾಗಿ ಸಂಬಂಧಿಸಿದ ಉದ್ದೇಶಕ್ಕೆ ಅಥವಾ ಕಾನೂನಿನಲ್ಲಿ ಹೇಳಿದ ಇತರ ವಿಷಯಗಳಿಗೆ ಮಾತ್ರ. ಹಿಂದೆ ಚಿಕಿತ್ಸೆ ಪಡೆದಿದ್ದ ಎಂಬುದೇ ಇಂದಿನ ರೋಗಕ್ಕೆ ಸಾಕ್ಷಿಯಲ್ಲ. ನ್ಯಾಯಾಲಯ ಹೇಳದ ಹೊರತು, ರೋಗ ಇದೆ ಎಂದ ಮಾತ್ರಕ್ಕೆ ಬುದ್ಧಿ ಸ್ವಾಸ್ಥ್ಯವಿಲ್ಲ ಎಂದಾಗುವುದೂ ಇಲ್ಲ. 1987ರ ಕಾಯ್ದೆಯಲ್ಲಿ ರೋಗಿಯ ಆಸ್ತಿ ನೋಡಿಕೊಳ್ಳಲು ಮ್ಯಾನೇಜರನ್ನು ನೇಮಿಸುವ ಒಂದು ಅಧ್ಯಾಯವೇ ಇತ್ತು. 2017ರಲ್ಲಿ ಅದನ್ನು ಕೈಬಿಟ್ಟರು, ಬದಲಿಗೆ ಏನನ್ನೂ ಇಡಲಿಲ್ಲ. ನಾಮನಿರ್ದೇಶಿತ ಪ್ರತಿನಿಧಿ ಚಿಕಿತ್ಸೆಯ ವಿಷಯದಲ್ಲಿ ಮಾತ್ರ ಪ್ರತಿನಿಧಿ, ಅವನಿಗೆ ತೋಟ ಮಾರುವ ಹಕ್ಕಿಲ್ಲ. ನಿಜಕ್ಕೂ ಅಗತ್ಯವಿದ್ದವರಿಗೆ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ ಕಲಂ 14ರ ಸೀಮಿತ ಪೋಷಕತ್ವದ ದಾರಿ ಇದೆ, ಅದು ರೋಗಿಯೊಂದಿಗೆ ಸೇರಿ ನಿರ್ಧರಿಸುವ ವ್ಯವಸ್ಥೆ, ಅವನ ಬದಲಿಗೆ ಅಲ್ಲ. ಜಿಲ್ಲಾಧಿಕಾರಿಗಳ ಸಮಿತಿ ಪೋಷಕರನ್ನು ನೇಮಿಸುವ 1999ರ ನ್ಯಾಷನಲ್ ಟ್ರಸ್ಟ್ ಕಾಯ್ದೆ ಆಟಿಸಂ, ಸೆರೆಬ್ರಲ್ ಪಾಲ್ಸಿ, ಬುದ್ಧಿಮಾಂದ್ಯ, ಬಹುವಿಧ ಅಂಗವೈಕಲ್ಯ ಇರುವವರಿಗೆ. ಸ್ಕಿಜೋಫ್ರೀನಿಯಾಕ್ಕೆ ಅನ್ವಯಿಸದು. ಇದು ತಿಳಿಯದೆ ಶಿವಮೊಗ್ಗಕ್ಕೆ ಅಲೆದು ಬಸ್ಸಿನ ದುಡ್ಡು ಕಳಕೊಂಡವರು ಬಹಳ.

ವಿಚ್ಛೇದನದ ಕೇಸುಗಳಲ್ಲೂ ಹೀಗೆಯೇ. ಹೆಂಡತಿ ನಿದ್ದೆಮಾತ್ರೆ ತೆಗೆದುಕೊಂಡ ಹಳೆಯ ಚೀಟಿಯನ್ನು ಗಂಡ ಕೋರ್ಟಿಗೆ ಹಾಜರುಪಡಿಸುತ್ತಾನೆ. ಎದುರು ಪಕ್ಷ ಅಲ್ಲಗಳೆದರೆ ಕೋರ್ಟು ಅದನ್ನು ಮಾನಸಿಕ ಆರೋಗ್ಯ ಪುನರ್ವಿಮರ್ಶಾ ಮಂಡಳಿಗೆ ಕಳಿಸಬೇಕು ಎಂದು 2017ರ ಕಾಯ್ದೆಯ ಕಲಂ 105 ಹೇಳುತ್ತದೆ, ನಮ್ಮ ವಕೀಲ ಬಂಧುಗಳೇ ಅದನ್ನು ಎತ್ತುವುದು ಕಡಿಮೆ. ಮನೆಯವರು ಕೇಳಿದರೆಂದು ದಾಖಲೆಯ ನಕಲು ಕೊಟ್ಟುಬಿಡಬೇಡಿ. ಕೇಳಿದವನು ಗಂಡನೇ ಆಗಿರಲಿ. ಗೌಪ್ಯತೆಗೆ ಕಲಂ 23ರಲ್ಲಿ ವಿನಾಯಿತಿಗಳಿವೆ: ಆರೈಕೆಗೆ ಬೇಕಾದ ಮಾಹಿತಿ ಪ್ರತಿನಿಧಿಗೆ, ಜೊತೆಯ ಚಿಕಿತ್ಸಕರಿಗೆ, ಯಾರದಾದರೂ ಜೀವಕ್ಕೆ ಅಪಾಯವಿದ್ದಾಗ, ಅಧಿಕಾರವುಳ್ಳವರ ಆದೇಶ ಬಂದಾಗ.

ಗೌಪ್ಯತೆಯ ಭರವಸೆಯನ್ನೇ ಕೊಡಲಾಗದ ಒಂದು ಜಾಗವಿದೆ, ಪೋಕ್ಸೊ. ಹದಿನೆಂಟು ತುಂಬದ ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ಆಗಿದೆ ಎಂದು ತಿಳಿದ ಯಾರೇ ಆಗಲಿ ಪೊಲೀಸರಿಗೆ ತಿಳಿಸಲೇಬೇಕು ಎನ್ನುತ್ತದೆ 2012ರ ಕಾಯ್ದೆಯ ಕಲಂ 19, ತಿಳಿಸದಿದ್ದರೆ ಆರು ತಿಂಗಳವರೆಗೆ ಸೆರೆವಾಸ. ಪಿಯು ಕಾಲೇಜಿನ ಆಪ್ತಸಮಾಲೋಚಕಿಯ ಎದುರು ಹದಿನೇಳರ ಹುಡುಗಿ ಕೂತು “ಯಾರಿಗೂ ಹೇಳಬೇಡಿ ಮೇಡಂ” ಎಂದು ಶುರು ಮಾಡುತ್ತಾಳೆ. ಹುಡುಗನೂ ಅವಳದೇ ವಯಸ್ಸಿನವನು, ಇಬ್ಬರಿಗೂ ಒಪ್ಪಿಗೆ. ಕಾನೂನು ಆ ಒಪ್ಪಿಗೆಯನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಅದು ಸರಿಯೇ ಎಂದು ನನ್ನನ್ನು ಕೇಳಿದರೆ, ಸರಿಯಲ್ಲ ಎನ್ನುತ್ತೇನೆ. ಆದರೆ ತಿದ್ದುಪಡಿ ಆಗುವವರೆಗೆ, ಯಾವ ಮಾತನ್ನು ನಾನು ಗುಟ್ಟಾಗಿ ಇಡಲಾರೆ ಎಂದು ಮಗು ಬಾಯಿ ಬಿಡುವ ಮೊದಲೇ ಹೇಳಿಬಿಡುವುದು ಪ್ರಾಮಾಣಿಕತೆ.

ದೆವ್ವ ಬಿಡಿಸುವವರ ಬಗ್ಗೆ ಎಲ್ಲರೂ ಕೇಳುತ್ತೀರಿ. ರಾಜ್ಯದ್ದೇ ಕಾನೂನು ಇದೆ: ಅಮಾನವೀಯ ದುಷ್ಟ ಪದ್ಧತಿಗಳು ಹಾಗೂ ವಾಮಾಚಾರ ತಡೆಯುವ 2017ರ ಕರ್ನಾಟಕ ಕಾಯ್ದೆ. 2020ರ ಜನವರಿಯಲ್ಲಿ ಜಾರಿಯಾಯಿತು. ದೆವ್ವ ಬಿಡಿಸುವ ನೆಪದಲ್ಲಿ ಹಗ್ಗ ಸರಪಳಿಯಲ್ಲಿ ಕಟ್ಟುವುದು, ಕೋಲು ಚಾಟಿಯಲ್ಲಿ ಹೊಡೆಯುವುದು ಇಂಥವಕ್ಕೆ ಒಂದರಿಂದ ಏಳು ವರ್ಷ ಸಜೆ, 5,000ದಿಂದ 50,000 ರೂಪಾಯಿ ದಂಡ. ಹರಕೆ, ಪೂಜೆ, ಯಾತ್ರೆ, ಭಜನೆ ಇದರೊಳಗೆ ಬರುವುದಿಲ್ಲ. ಹಾಗಾಗಿ ಊರ ದೇವತೆ ಚೌಡಿಗೆ ಕಾಯಿ ಒಡೆಸಿ ಬಂದವರನ್ನು ಗದರಬೇಡಿ. ‘ಕಾಯಿ ಒಡೆಸಿ, ಮಾತ್ರೆಯನ್ನೂ ನುಂಗಿಸಿ’ ಎಂದರೆ ಎರಡೂ ನಡೆಯುತ್ತದೆ. ಶಿವಮೊಗ್ಗದ ಮನೋವೈದ್ಯ ಡಾ. ಅಶೋಕ್ ಪೈ ಇದನ್ನು ಚೆನ್ನಾಗಿ ಅರಿತಿದ್ದರು. ಮನೋರೋಗವೂ ಒಂದು ಕಾಯಿಲೆ ಎಂದು ಜನರಿಗೆ ಹೇಳಲು ಅವರು ಸಿನಿಮಾವನ್ನೇ ಹಿಡಿದರು. ಸುರೇಶ್ ಹೆಬ್ಳೀಕರ್ ನಿರ್ದೇಶನದ ‘ಕಾಡಿನ ಬೆಂಕಿ’ ಅವರ ನಿರ್ಮಾಣ.

ಕುಡಿತ ಬಿಡಿಸುವ ಕೇಂದ್ರಗಳ ಬಗ್ಗೆ ಎರಡೇ ಮಾತು. ಮದ್ಯ ಮಾದಕಗಳ ಚಟದಿಂದ ಬರುವ ಮನೋಸ್ಥಿತಿಗಳೂ 2017ರ ಕಾಯ್ದೆಯೊಳಗೆ ಬರುತ್ತವೆ. ಹಾಗಾಗಿ ಜನರನ್ನು ಇರಿಸಿಕೊಳ್ಳುವ ಕೇಂದ್ರ ನೋಂದಣಿಯಾಗಿರಲೇಬೇಕು, ರಾತ್ರೋರಾತ್ರಿ ಎತ್ತಿಕೊಂಡು ಹೋಗಿ ಕೂಡಿಹಾಕುವಂತಿಲ್ಲ. ಸಾರಿನಲ್ಲಿ ಗುಟ್ಟಾಗಿ ‘ಕುಡಿತ ಬಿಡಿಸುವ ಪುಡಿ’ ಬೆರೆಸುವುದು ಕಾನೂನಿಗಷ್ಟೇ ಅಲ್ಲ, ಜೀವಕ್ಕೂ ಕೆಡುಕು. ಅದರಲ್ಲಿ ಡೈಸಲ್ಫಿರಾಂ ಇದ್ದು, ತಿಳಿಯದೆ ಮೇಲೆ ಸಾರಾಯಿ ಕುಡಿದರೆ ರಕ್ತದೊತ್ತಡ ಕುಸಿಯಬಹುದು.

ಕೊನೆಯದಾಗಿ, ಕೇಳುವ ಹಕ್ಕು. 2016ರ ಕಾಯ್ದೆಯ 21 ಅಂಗವೈಕಲ್ಯಗಳಲ್ಲಿ ಮನೋರೋಗವೂ ಒಂದು. ಪ್ರಮಾಣಪತ್ರಕ್ಕೆ ಅಳೆಯುವ ಮಾಪನದ ಹೆಸರು ಐಡಿಯಾಸ್, ತೀರ್ಥಹಳ್ಳಿಯ ಅಧ್ಯಯನದಲ್ಲಿ ಬಳಸಿದ್ದೂ ಅದನ್ನೇ. ಆ ಅಳತೆಯ ಮೇಲೆ ಅಂಗವಿಕಲರ ಗುರುತಿನ ಯುಡಿಐಡಿ ಕಾರ್ಡು, ಶೇಕಡಾ 40 ಅಥವಾ ಹೆಚ್ಚಿದ್ದರೆ ಮಾಸಾಶನಕ್ಕೆ ಅರ್ಜಿ. ಕೊಟ್ಟಿಗೆಯ ಕೋಣೆಯವನಿಗೆ ಇದು ಸಿಕ್ಕಿರಲಿಲ್ಲ, ಅಣ್ಣನಿಗೆ ಗೊತ್ತೇ ಇರಲಿಲ್ಲ. ಮಂಗಳವಾರ ವೈದ್ಯರು ಬಾರದಿದ್ದರೆ, ಔಷಧ ಖಾಲಿ ಎಂದು ಹೊರಗಿನ ಅಂಗಡಿಗೆ ಚೀಟಿ ಬರೆದುಕೊಟ್ಟರೆ, ಅದು ‘ಸೇವೆಯ ಕೊರತೆ’. 2017ರ ಕಾಯ್ದೆಯ ಕಲಂ 28ರ ಪ್ರಕಾರ ರೋಗಿ ಅಥವಾ ಅವನ ಪ್ರತಿನಿಧಿ ಮೊದಲು ಸಂಸ್ಥೆಯ ವೈದ್ಯಾಧಿಕಾರಿಗೆ, ಅಲ್ಲಿಂದ ಪುನರ್ವಿಮರ್ಶಾ ಮಂಡಳಿಗೆ, ಕೊನೆಗೆ ರಾಜ್ಯ ಮಾನಸಿಕ ಆರೋಗ್ಯ ಪ್ರಾಧಿಕಾರಕ್ಕೆ ದೂರು ಕೊಡಬಹುದು. ಬಾಯಿಮಾತಿನ ಗೊಣಗಾಟಕ್ಕೆ ಕಡತ ತೆರೆಯುವುದಿಲ್ಲ. ಯಾವ ದಿನಾಂಕ, ಯಾವ ಆಸ್ಪತ್ರೆ, ಯಾವ ಮಾತ್ರೆ ಎಂದು ಒಂದು ಹಾಳೆಯಲ್ಲಿ ಬರೆದು, ಸ್ವೀಕೃತಿ ಸಹಿ ಹಾಕಿಸಿಕೊಳ್ಳಿ. ಜನಸಂಖ್ಯೆಗೆ ತಕ್ಕಷ್ಟು ಮಾನಸಿಕ ಆರೋಗ್ಯ ವೃತ್ತಿಪರರನ್ನು ಹೊಂದಿಸಲು ಸರ್ಕಾರ ಪ್ರಯತ್ನಿಸಬೇಕೆಂದು ಕಲಂ 31 ಕೊಟ್ಟಿರುವ ಗಡುವು ಕಾಯ್ದೆ ಜಾರಿಯಾದಂದಿನಿಂದ ಹತ್ತು ವರ್ಷ. ಜಾರಿಯಾದದ್ದು 2018ರಲ್ಲಿ. ಗಡುವು ಮುಗಿಯುವ ಹೊತ್ತಿಗೆ ಮೂರು ತಾಲ್ಲೂಕುಗಳಿಂದ ಇಂಥ ಹಾಳೆಗಳ ಒಂದು ಕಟ್ಟಾದರೂ ಮಂಡಳಿಯ ಮುಂದೆ ಇರಬೇಕು. ಬರೆಯಲು ಬಾರದವರಿಗೆ ಬರೆದುಕೊಡಲು ಕೋರ್ಟಿನ ಆವರಣದಲ್ಲಿ ತಾಲ್ಲೂಕು ಕಾನೂನು ಸೇವಾ ಸಮಿತಿ ಇದೆ, ಕಲಂ 27ರ ಪ್ರಕಾರ ಮನೋರೋಗಿಗೆ ಅಲ್ಲಿ ಫೀಸಿಲ್ಲ, ಕಾನೂನು ನೆರವಿನ ಸಹಾಯವಾಣಿ ಸಂಖ್ಯೆ 15100.